ಕೋಲಿನ ತುದಿಯ ಕ್ಯಾಮರಾ

ಆಗಸ್ಟ್ ತಿಂಗಳಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು ನೀವು ನೋಡಿಯೇ ಇರುತ್ತೀರಿ. ಜಯನಗರದವರಾದರೆ ಕಾಲ್ನಡಿಗೆಯಲ್ಲೇ ಹೋಗಿಬಂದಿರುತ್ತೀರಿ, ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಯವರಿಗೂ ಅದೇನು ದೂರದ ಯಾತ್ರೆಯಲ್ಲ. 1889ರಲ್ಲಿ ಅಸ್ತಿಭಾರ ಹಾಕಿ ಕಟ್ಟಿದ ಆ ಗಾಜಿನ ಮನೆಯನ್ನು ಜನ ಒಂದು ಕಡೆಯಿಂದ ಹೊಕ್ಕು, ಹೂವಿನ ರಾಶಿಯನ್ನು ಬಳಸಿಕೊಂಡು, ಇನ್ನೊಂದು ಕಡೆಯಿಂದ ಹೊರಬೀಳಬೇಕು. ಆದರೆ ಸಾಲು ಮುಂದೆ ಸರಿಯುವುದಿಲ್ಲ. ಕತ್ತು ಚಾಚಿ ನೋಡಿದರೆ ಕಾರಣ ತಿಳಿಯುತ್ತದೆ. ಮುಂದಿನವರು ಹೂವಿಗೆ ಬೆನ್ನು ತಿರುಗಿಸಿ ನಿಂತಿದ್ದಾರೆ. ಅವರಲ್ಲೊಬ್ಬರ ಕೈಯಲ್ಲಿ ಒಂದು ಕೋಲು. ಕೋಲಿನ ತುದಿಯಲ್ಲಿ ಒಂದು ಫೋನು. ಆ ಫೋನಿನ ಕಡೆಗೆ ನಗುತ್ತಿರುವ ಐದಾರು ಮುಖಗಳು.

ಕೆಲವು ವರ್ಷಗಳ ಹಿಂದೆ ಇಂಥದೊಂದು ಕೋಲು ಪಕ್ಕದಿಂದ ಬೀಸಿ ಬಂದು ನನ್ನ ಕನ್ನಡಕವನ್ನು ಎತ್ತಿ ಗುಲಾಬಿ ಹೂಗಳ ನಡುವೆ ಇಟ್ಟಿತು. ಕೋಲಿನ ಒಡೆಯ ಒಳ್ಳೆಯ ಹುಡುಗ. ಬೇಲಿಯ ಹಗ್ಗ ದಾಟದೆ, ಹೂವೊಂದೂ ಮುದುಡದಂತೆ, ಅದೇ ಕೋಲಿನಿಂದ ಕನ್ನಡಕವನ್ನು ಮೆಲ್ಲಗೆ ಎಳೆದು ಒರೆಸಿಕೊಟ್ಟು, ಎರಡು ಬಾರಿ ಕ್ಷಮೆ ಕೇಳಿದ. ಅವನ ಮೇಲೆ ಸಿಟ್ಟು ಬರಲಿಲ್ಲ. ಆದರೆ ಕೋಲಿನ ಮೇಲೆ ಕುತೂಹಲ ಹುಟ್ಟಿತು. ಎಲ್ಲಿಯದು ಈ ಕೋಲು? ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಈ ಹಂಬಲ ಎಂದಿನದು? ಕ್ಯಾಮರಾ ಹಿಡಿದವನಿಗೂ ಅವನ ಪಕ್ಕದಲ್ಲಿ ನಿಂತವನಿಗೂ ನಡುವೆ ಏನಾದರೂ ಮರ್ಯಾದೆಯ ಒಪ್ಪಂದ ಎಂದಾದರೂ ಇತ್ತೆ?

ನಮ್ಮ ಊರಿನಿಂದಲೇ ತೊಡಗೋಣ. 1854ರಲ್ಲಿ ಬೆಂಗಳೂರಿನ ದಂಡಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಆಂಗ್ಲ ಅಧಿಕಾರಿಯಿದ್ದನು. ಆ ವರ್ಷದ ಡಿಸೆಂಬರ್ ತಿಂಗಳಲ್ಲಿ ಆಂಡ್ರ್ಯೂ ನೀಲ್ ಎಂಬ ವೈದ್ಯನನ್ನು ಜೊತೆಗೆ ಕರೆದುಕೊಂಡು ಅವನು ಬೇಲೂರು ಹಳೇಬೀಡುಗಳಿಗೆ ಹೋಗಿ ಹೊಯ್ಸಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದನು. ಎರಡು ವರ್ಷಗಳ ತರುವಾಯ, 1856ರಲ್ಲಿ, ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೈನ್ಯಾಧಿಕಾರಿ ಹಂಪೆಯಲ್ಲಿ ಮೇಣ ಸವರಿದ ಕಾಗದದ ದೊಡ್ಡ ದೊಡ್ಡ ನೆಗೆಟಿವ್‌ಗಳ ಮೇಲೆ ವಿಜಯನಗರದ ಅವಶೇಷಗಳನ್ನು ಹಿಡಿದಿಟ್ಟನು. ಅಂದಿನ ಕ್ಯಾಮರಾ ಒಂದು ಮರದ ಪೆಟ್ಟಿಗೆ. ಅದನ್ನು ಹೊರುವುದಕ್ಕೆ ಆಳುಗಳು, ನಿಲ್ಲಿಸುವುದಕ್ಕೆ ಮುಕ್ಕಾಲು ಪೀಠ, ರಾಸಾಯನಿಕಗಳಿಗೆ ಬೇರೆ ಗಂಟುಮೂಟೆ. ಕಾಗದದ ಮೇಲೆ ಬೆಳಕು ಬೀಳುವಷ್ಟು ಹೊತ್ತೂ ಎದುರಿನದು ಅಲುಗಬಾರದು; ಕಲ್ಲಿನ ಕಂಬಗಳು ಆ ನಿಯಮವನ್ನು ಮನುಷ್ಯರಿಗಿಂತ ಚೆನ್ನಾಗಿ ಪಾಲಿಸಿದವೆಂದು ಬೇರೆ ಹೇಳಬೇಕಾಗಿಲ್ಲ. ಇಂಥ ಕ್ಯಾಮರಾದಿಂದ ಯಾರನ್ನಾದರೂ ಅವರಿಗೆ ತಿಳಿಯದಂತೆ ಚಿತ್ರಿಸುವುದು ಸಾಧ್ಯವೇ ಇರಲಿಲ್ಲ. ಊರಿಗೆ ಊರೇ ಬಂದು ಸುತ್ತ ನೆರೆಯುತ್ತಿತ್ತು. ಕ್ಯಾಮರಾದ ಗಾತ್ರವೇ ಅದರ ಶಿಷ್ಟಾಚಾರವಾಗಿತ್ತು.

ಆಮೇಲೆ ಪಟ್ಟಣಗಳಲ್ಲಿ ಸ್ಟುಡಿಯೋಗಳು ಬಂದವು. ನಮ್ಮ ಅಜ್ಜ ಅಜ್ಜಿಯರ ಮದುವೆಯ ಪಟವನ್ನು ನೋಡಿ. ಅಜ್ಜ ಕುರ್ಚಿಯ ಮೇಲೆ, ಅಜ್ಜಿ ಪಕ್ಕದಲ್ಲಿ ನಿಂತು, ಹಿಂದೆ ಪರದೆಯ ಮೇಲೆ ಬರೆದ ಅರಮನೆಯ ಮೆಟ್ಟಿಲು. ಇಬ್ಬರ ಮುಖದಲ್ಲೂ ನಗುವಿಲ್ಲ. ಪಟ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆಂಬ ಭಯ ಬೇರೆ ಇದ್ದ ಕಾಲ ಅದು. ಅಂತೂ ಆ ಪಟದಲ್ಲಿ ಒಂದು ಕರಾರಿತ್ತು: ತೆಗೆಯುವವನು ಒಬ್ಬ, ತೆಗೆಸಿಕೊಳ್ಳುವವರು ಬೇರೆ, ಇಬ್ಬರಿಗೂ ಒಪ್ಪಿಗೆ. ಮೂರನೆಯವನು ಚೌಕಟ್ಟಿನೊಳಕ್ಕೆ ಬರುವಂತೆಯೇ ಇರಲಿಲ್ಲ.

ತನ್ನ ಪಟವನ್ನು ತಾನೇ ತೆಗೆದುಕೊಳ್ಳುವ ಆಸೆಯೂ ಕ್ಯಾಮರಾದಷ್ಟೇ ಹಳೆಯದು. 1839ರಲ್ಲಿಯೇ ಫಿಲಡೆಲ್ಫಿಯಾ ನಗರದ ರಾಬರ್ಟ್ ಕಾರ್ನೀಲಿಯಸ್ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡಿದ್ದನು. ನಮ್ಮ ದೇಶದಲ್ಲಿ ತ್ರಿಪುರಾ ಸಂಸ್ಥಾನದ ಮಹಾರಾಜ ಬೀರಚಂದ್ರ ಮಾಣಿಕ್ಯರು ಸುಮಾರು 1880ರಲ್ಲಿ ಮಹಾರಾಣಿ ಮನಮೋಹಿನಿಯವರ ಪಕ್ಕದಲ್ಲಿ ಕುಳಿತು, ಉದ್ದನೆಯ ತಂತಿಯೊಂದರ ತುದಿಯನ್ನು ಕೈಯಲ್ಲಿ ಹಿಡಿದು, ಎದುರಿಗಿಟ್ಟ ಕ್ಯಾಮರಾದ ಕದವನ್ನು ತಾವೇ ತೆರೆದು ಮುಚ್ಚಿ ಪಟ ತೆಗೆದರು. ದಂಪತಿಗಳು ಅಷ್ಟು ಸಲಿಗೆಯಿಂದ ಒತ್ತಿಕೊಂಡು ಕುಳಿತ ಚಿತ್ರ ಆ ಕಾಲದಲ್ಲಿ ಅಪರೂಪ. ಎದುರಿಗೆ ಪರಪುರುಷನೊಬ್ಬ ಕರಿಬಟ್ಟೆ ಹೊದ್ದು ನಿಂತಿದ್ದರೆ ಮಹಾರಾಣಿಯವರು ಹಾಗೆ ಕುಳಿತುಕೊಳ್ಳುತ್ತಿದ್ದರೋ ಇಲ್ಲವೋ! ನನಗನಿಸುವಂತೆ ತಂತಿಯ ನಿಜವಾದ ಉಪಯೋಗ ಅದು. ಅದು ಇಬ್ಬರ ಏಕಾಂತವನ್ನು ಕಾಪಾಡಿತು. ಇಂದಿನ ಕೋಲಿನ ಪೂರ್ವಜನೆಂದರೆ ಆ ತಂತಿಯೇ. ಮೊಮ್ಮಗನು ಬೇರೆಯವರ ಏಕಾಂತಕ್ಕೆ ಕೈಹಾಕುತ್ತಾನೆಂದು ತಾತನಿಗೆ ಗೊತ್ತಿರಲಿಲ್ಲ.

ಆ ಬದಲಾವಣೆ ತೊಡಗಿದ್ದು 1888ರಲ್ಲಿ. ಅಮೆರಿಕದ ಜಾರ್ಜ್ ಈಸ್ಟ್‌ಮನ್ ‘ಕೊಡಾಕ್’ ಎಂಬ ಕೈ ಕ್ಯಾಮರಾವನ್ನು ಮಾರಾಟಕ್ಕೆ ತಂದನು. ಅದರೊಳಗೆ 100 ಚಿತ್ರಗಳಿಗಾಗುವ ಸುರುಳಿ. ಮುಗಿದ ಮೇಲೆ ಕ್ಯಾಮರಾವನ್ನೇ ಕಾರ್ಖಾನೆಗೆ ಕಳುಹಿಸಿದರೆ ಚಿತ್ರಗಳನ್ನು ಅಚ್ಚು ಹಾಕಿ, ಹೊಸ ಸುರುಳಿ ತುಂಬಿ ಹಿಂತಿರುಗಿಸುತ್ತಿದ್ದರು. 1900ರ ವೇಳೆಗೆ ಒಂದು ಡಾಲರಿಗೆ ಸಿಗುವ ‘ಬ್ರೌನಿ’ ಬಂದಿತು. ಮುಕ್ಕಾಲು ಪೀಠ ಹೋಯಿತು, ಆಳುಗಳು ಹೋದರು, ಕರಿಬಟ್ಟೆಯೂ ಹೋಯಿತು. ಜೊತೆಗೆ ಕೇಳಿ ತೆಗೆಯುವ ವಾಡಿಕೆಯೂ ಸಡಿಲವಾಯಿತು. ಕಡಲ ತೀರದಲ್ಲಿ ಸ್ನಾನಕ್ಕಿಳಿದವರ ಚಿತ್ರಗಳನ್ನು ಅವರಿಗೆ ತಿಳಿಯದಂತೆ ತೆಗೆಯುವ ಪುಂಡರಿಗೆ ಅಲ್ಲಿನ ಪತ್ರಿಕೆಗಳು ‘ಕೊಡಾಕ್ ಪಿಶಾಚಿಗಳು’ ಎಂಬರ್ಥದ ಹೆಸರನ್ನೇ ಇಟ್ಟವು. ಇಂದು ಜಲಕ್ರೀಡೆಯ ಕೊಳಗಳ ಬಳಿ ಕೇಳಿಬರುವ ದೂರಿಗೂ ಅಂದಿನ ದೂರಿಗೂ ಅಕ್ಷರದಷ್ಟು ವ್ಯತ್ಯಾಸವಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೈ ಕ್ಯಾಮರಾ ಬಂದ ಎರಡೇ ವರ್ಷಗಳಲ್ಲಿ, 1890ರಲ್ಲಿ, ಸಾಮ್ಯುಯಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಕುರಿತು ಒಂದು ಲೇಖನ ಬರೆದರು. ಕ್ಷಣಾರ್ಧದಲ್ಲಿ ತೆಗೆಯುವ ಛಾಯಾಚಿತ್ರಗಳು ಮನೆಯ ಒಳಬದುಕಿಗೆ ನುಗ್ಗಿವೆಯೆಂಬುದು ಅವರು ಅದನ್ನು ಬರೆಯಲು ಇದ್ದ ಕಾರಣಗಳಲ್ಲೊಂದು. ಆ ಲೇಖನದ ವಾದ ನೂರಿಪ್ಪತ್ತೇಳು ವರ್ಷ ಪ್ರಯಾಣ ಮಾಡಿ ಬೆಂಗಳೂರಿನವರೊಬ್ಬರ ಮೊಕದ್ದಮೆಯೊಳಕ್ಕೆ ಬಂದಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಆ ಮೊಕದ್ದಮೆಯ ನಡುವೆ ಎದ್ದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಉತ್ತರ ಕೊಟ್ಟಿತು: ಖಾಸಗಿತನ ಭಾರತದ ಪ್ರಜೆಯ ಮೂಲಭೂತ ಹಕ್ಕು. ಪುಟ್ಟಸ್ವಾಮಿಯವರು 2024ರಲ್ಲಿ, 98ರ ವಯಸ್ಸಿನಲ್ಲಿ, ತೀರಿಕೊಂಡರು. ಆ ತೀರ್ಪು ಸರ್ಕಾರವನ್ನು ಕುರಿತದ್ದು, ಕೋಲು ಹಿಡಿದ ಹುಡುಗನನ್ನು ಕುರಿತದ್ದಲ್ಲ, ನಿಜ. ಹುಡುಗನಿಗೆ ಬೇರೆ ಕಾನೂನು ಇದೆ. ಬಟ್ಟೆ ಬದಲಾಯಿಸುವಂಥ ಏಕಾಂತದಲ್ಲಿರುವ ಹೆಣ್ಣುಮಗಳ ಚಿತ್ರ ತೆಗೆಯುವುದು 2013ರ ತಿದ್ದುಪಡಿಯಿಂದ ಸ್ಪಷ್ಟವಾಗಿ ಅಪರಾಧವಾಯಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 77ನೆಯ ಕಲಮು. ಆದರೆ ಕೊಳದಲ್ಲಿ ಮಗುವನ್ನು ಆಡಿಸುತ್ತ ನೆನೆದ ಬಟ್ಟೆಯಲ್ಲಿ ನಿಂತ ತಾಯಿ, ಪರರ ಚಿತ್ರದ ಹಿನ್ನೆಲೆಯಾಗಿ ಊರೆಲ್ಲ ಸುತ್ತಿ ಬರುವುದಕ್ಕೆ ಕಲಮಿನ ತನಕ ಹೋಗಬೇಕೆ? ಅಷ್ಟನ್ನು ನಮ್ಮ ನಡವಳಿಕೆಯೇ ನೋಡಿಕೊಳ್ಳಬೇಕಾಗಿತ್ತು.

ಒಂದು ಕಾಲದಲ್ಲಿ ನೋಡಿಕೊಳ್ಳುತ್ತಿತ್ತು ಕೂಡ. ಅದಕ್ಕೆ ಬಡತನವೂ ಕಾರಣ. ಬರೋಡೆಯಲ್ಲಿ ತಯಾರಾಗುತ್ತಿದ್ದ ‘ಆಗ್ಫಾ ಕ್ಲಿಕ್ ತ್ರೀ’ ಕ್ಯಾಮರಾ ನಿಮ್ಮಲ್ಲಿ ಎಷ್ಟೋ ಜನರ ಮನೆಯ ಅಟ್ಟದ ಮೇಲೆ ಇದ್ದೀತು. ಒಂದು ಸುರುಳಿಗೆ 12 ಚಿತ್ರ. ಮೈಸೂರು, ಶ್ರೀರಂಗಪಟ್ಟಣ, ಕನ್ನಂಬಾಡಿ ಮೂರಕ್ಕೂ ಸೇರಿ ಹನ್ನೆರಡೇ. ತಂದೆಯವರು ಕಣ್ಣು ಕಿರಿದು ಮಾಡಿ, ಬೆಳಕು ನೋಡಿ, ಅತ್ತಿತ್ತ ಹೋಗುವವರು ಸರಿಯುವ ತನಕ ಕಾದು, ಒಂದು ಒತ್ತುತ್ತಿದ್ದರು. ಬೆಂಗಳೂರಿನ ಇ. ಹನುಮಂತರಾಯರು, ಟಿ. ಎನ್. ಎ. ಪೆರುಮಾಳ್ ಮೊದಲಾದ ನಿಸರ್ಗ ಛಾಯಾಗ್ರಾಹಕರು ಹಕ್ಕಿಯ ಮುಂದೆ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂತಿರುತ್ತಿದ್ದರು. ಹಕ್ಕಿಗೇ ಅಷ್ಟು ಸಂಕೋಚದಿಂದ ನಡೆದುಕೊಂಡ ಊರು ಇದು.

ಇನ್ನು ಕೋಲಿನ ಕಥೆ. ಜಪಾನಿನ ಮಿನೋಲ್ಟಾ ಕಂಪೆನಿಯಲ್ಲಿ ಹಿರೋಷಿ ಉಯೆಡಾ ಎಂಬ ಎಂಜಿನಿಯರಿದ್ದರು. ಅವರು ಹೆಂಡತಿಯೊಡನೆ ಯೂರೋಪಿನ ಪ್ರವಾಸಕ್ಕೆ ಹೋಗಿದ್ದಾಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಒಬ್ಬ ಹುಡುಗನ ಕೈಗೆ ಕ್ಯಾಮರಾ ಕೊಟ್ಟು, ನಮ್ಮಿಬ್ಬರದೊಂದು ಚಿತ್ರ ತೆಗೆಯಪ್ಪಾ ಎಂದರಂತೆ. ಇವರು ಹಿಂದೆ ಸರಿದು ನಿಂತುಕೊಳ್ಳುವುದರೊಳಗೆ ಹುಡುಗ ಕ್ಯಾಮರಾ ಸಮೇತ ಓಟ ಕಿತ್ತ. ಊರಿಗೆ ಮರಳಿದ ಉಯೆಡಾ ಅಪರಿಚಿತರ ಹಂಗೇ ಬೇಡವೆಂದು ಉದ್ದಮಾಡಬಲ್ಲ ಕೋಲೊಂದನ್ನು ರೂಪಿಸಿ 1983ರಲ್ಲಿ ಅದಕ್ಕೆ ಪೇಟೆಂಟ್ ಕೋರಿದರು. ಕ್ಯಾಮರಾದ ಮುಂಬದಿಗೆ ಒಂದು ಪುಟ್ಟ ಕನ್ನಡಿಯೂ ಇತ್ತು, ಮುಖ ಸರಿಯಾಗಿ ಬೀಳುತ್ತಿದೆಯೇ ನೋಡಿಕೊಳ್ಳಲು. ವ್ಯಾಪಾರ ಕುದುರಲಿಲ್ಲ. ಹೆಂಗಸರನ್ನು ಕೇಳಿದಾಗ, ನಮ್ಮ ಚಿತ್ರವನ್ನು ನಾವೇ ತೆಗೆದುಕೊಳ್ಳುವುದು ನಾಚಿಕೆಯೆಂದರಂತೆ! 1995ರಲ್ಲಿ ಜಪಾನಿನ ನಿರುಪಯುಕ್ತ ಆವಿಷ್ಕಾರಗಳನ್ನು ಕುರಿತ ಹಾಸ್ಯದ ಪುಸ್ತಕವೊಂದರಲ್ಲಿ ಇಂಥ ಕೋಲಿಗೂ ಜಾಗ ಸಿಕ್ಕಿತು. 2003ರಲ್ಲಿ ಪೇಟೆಂಟಿನ ಅವಧಿ ತೀರಿತು. ಆಮೇಲೆ ಮುಂಭಾಗದಲ್ಲೂ ಕಣ್ಣಿರುವ ಫೋನುಗಳು ಬಂದವು. 2014ರಲ್ಲಿ ಕೋಲು ಲೋಕವನ್ನೇ ಆಳಿತು. ಹೊಸ ಪದವೂ ಬಂದಿತು. ಕನ್ನಡದಲ್ಲಿ ಕೆಲವರು ‘ಸ್ವಂತಿ’ ಎಂದು ಬರೆದು ನೋಡಿದರು. ಸೊಗಸಾದ ಮಾತು, ಆದರೆ ನಾಲಗೆಗೆ ಹತ್ತಿದ್ದು ‘ಸೆಲ್ಫಿ’ಯೇ.

ರೇಡಿಯೋ ಉಳ್ಳ ಮನೆಯವರಿಗೆ ಪ್ರಿಯವಾಗುವ ಒಂದು ಉಪಕಥೆ. ಹಿಡಿಯಲ್ಲಿ ಗುಂಡಿಯಿರುವ ಈ ಕೋಲುಗಳಲ್ಲಿ ಹಲವು, ‘ಬ್ಲೂಟೂತ್’ ಎಂಬ ರೇಡಿಯೋ ಅಲೆಯಿಂದ ಫೋನಿಗೆ ಅಪ್ಪಣೆ ಕೊಡುತ್ತವೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮಧ್ಯಮ ತರಂಗವನ್ನು ನೀವು ಬಾಯಿಪಾಠ ಮಾಡಿದ್ದೀರಷ್ಟೆ. ಆ ಅಲೆಯ ಉದ್ದ ಸುಮಾರು 490 ಮೀಟರ್. ಕೋಲಿನ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಎಷ್ಟು ಚಿಕ್ಕದಾದರೂ ಪ್ರಸಾರ ಪ್ರಸಾರವೇ ಎಂದು ದಕ್ಷಿಣ ಕೊರಿಯದ ಸರ್ಕಾರ 2014ರ ನವೆಂಬರ್‌ನಲ್ಲಿ, ಪ್ರಮಾಣಪತ್ರವಿಲ್ಲದ ಇಂಥ ಕೋಲು ಮಾರಿದವರಿಗೆ ಭಾರಿ ದಂಡವೆಂದು ಸಾರಿತು. ಹಿಂದೆ ನಾವು ರೇಡಿಯೋ ಇಟ್ಟುಕೊಳ್ಳಲು ವರ್ಷ ವರ್ಷ ಲೈಸೆನ್ಸ್ ಹಣ ಕಟ್ಟಿದ್ದು ನೆನಪಾಗಿ ನನಗೆ ನಗು ಬಂದಿತು.

ಕೋಲಿನ ಪರವಾಗಿಯೂ ಒಂದು ಮಾತು ಹೇಳಬೇಕು. ಒಂದಡಿ ದೂರದಲ್ಲಿ ಕೈಯಲ್ಲೇ ಹಿಡಿದು ತೆಗೆದ ಚಿತ್ರದಲ್ಲಿ ಮೂಗು, ಐದಡಿ ದೂರದಿಂದ ತೆಗೆದುದಕ್ಕಿಂತ ಸುಮಾರು ನೂರಕ್ಕೆ 30ರಷ್ಟು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ಶಸ್ತ್ರವೈದ್ಯರು ಲೆಕ್ಕ ಹಾಕಿ ತೋರಿಸಿದರು. ಚಿತ್ರ ನೋಡಿ ಮೂಗು ಸಣ್ಣ ಮಾಡಿಸಿಕೊಳ್ಳಲು ಬರುವವರು ಹೆಚ್ಚಿದ್ದರಂತೆ. ಕೋಲು ಕ್ಯಾಮರಾವನ್ನು ದೂರ ಸರಿಸಿ ಮೂಗಿಗೆ ನ್ಯಾಯ ಒದಗಿಸುತ್ತದೆ. ಒಂಟಿಯಾಗಿ ಪ್ರವಾಸ ಮಾಡುವ ಹೆಣ್ಣುಮಕ್ಕಳಿಗೆ ಅದು ಅನುಕೂಲವೂ ಹೌದು.

ಆದರೆ ವಿನೋದ ಉದ್ಯಾನಗಳಲ್ಲಿ ಕೋಲು ಬೇರೆಯೇ ವಸ್ತುವಾಗುತ್ತದೆ. ದಕ್ಷಿಣ ಬೆಂಗಳೂರಿನ ಮನೆಗಳಿಗೆ ವಿನೋದ ಉದ್ಯಾನವೆಂದರೆ ಮೊದಲು ನೆನಪಾಗುವುದು ಮೈಸೂರು ರಸ್ತೆಯ ಬಿಡದಿ. ಅಲ್ಲಿ ಸುಮಾರು 82 ಎಕರೆ ಜಾಗದಲ್ಲಿ ‘ವಂಡರ್‌ಲಾ’ 2005ರಲ್ಲಿ ತೆರೆಯಿತು. ಬೆಳಿಗ್ಗೆ ತಟ್ಟೆ ಇಡ್ಲಿ, ಆಮೇಲೆ ತಿರುಗುಯಂತ್ರ, ಮಧ್ಯಾಹ್ನ ನೀರು: ಶಾಲೆಯ ಪ್ರವಾಸಗಳ ಕ್ರಮವೇ ಹಾಗೆ. ಈಗ ಒಂದು ಲೆಕ್ಕ ಹಾಕಿ. ಫೋನಿನ ತೂಕ ಸುಮಾರು 200 ಗ್ರಾಂ. ಒಂದು ಮೀಟರ್ ಉದ್ದದ ಕೋಲು. ಹಿಡಿ ಹತ್ತು ಸೆಂಟಿಮೀಟರ್. ಗಾಡಿ ತಿರುವಿನಲ್ಲಿ ಬೀಸಿದಾಗ ಎಲ್ಲದರ ತೂಕವೂ ಮೂರು ಪಟ್ಟಾದರೆ ಅಂಗೈಯ ಮೇಲೆ ಬೀಳುವ ಒತ್ತಡ ಆರು ಕಿಲೋಗ್ರಾಮಿನಷ್ಟು. ಹಿಡಿತ ತಪ್ಪದೆ ಏನು ಮಾಡೀತು? 30 ಮೀಟರ್ ಎತ್ತರದಿಂದ ಜಾರಿದ ಫೋನು ಎರಡೂವರೆ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಮುಟ್ಟುವಾಗ ಅದರ ವೇಗ ಗಂಟೆಗೆ 80 ಕಿಲೋಮೀಟರಿಗೂ ಮಿಕ್ಕು. ಕೆಳಗೆ ಸಾಲಿನಲ್ಲಿ ನಿಂತ ಮಗುವಿನ ತಲೆ ಇರುತ್ತದೆ. ಸವಾರಿಗೆ ಮುನ್ನ ಕಿಸೆ ಖಾಲಿ ಮಾಡಿಸುವ ಸಿಬ್ಬಂದಿಯೊಡನೆ ನಮ್ಮವರು ಜಗಳಕ್ಕೆ ನಿಲ್ಲುವುದನ್ನು ಕಂಡಾಗಲೆಲ್ಲ ಈ ಲೆಕ್ಕವನ್ನು ಒಂದು ಹಲಗೆಯ ಮೇಲೆ ಬರೆದು ತೂಗುಹಾಕಬಾರದೇಕೆ ಎನ್ನಿಸುತ್ತದೆ.

1955ರಲ್ಲಿ ತೆರೆದ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನವರಿಗೂ ಇದು ಅನುಭವದಿಂದಲೇ ತಿಳಿಯಿತು. ಸವಾರಿಯ ಮೇಲೆ ಕೋಲು ಕೂಡದೆಂದು ಮೊದಲೇ ಹೇಳಿದ್ದರು, ಜನ ಕೇಳಲಿಲ್ಲ. 2015ರ ಜೂನ್‌ನಲ್ಲಿ ಪಕ್ಕದ ಅವರದೇ ಉದ್ಯಾನದಲ್ಲಿ ಸವಾರನೊಬ್ಬ ಕೋಲು ಹೊರತೆಗೆದದ್ದರಿಂದ ಇಡೀ ರೋಲರ್ ಕೋಸ್ಟರನ್ನು ಸುಮಾರು ಒಂದು ಗಂಟೆ ನಿಲ್ಲಿಸಬೇಕಾಯಿತು. ಅದೇ ತಿಂಗಳ 30ರಿಂದ ಅಮೆರಿಕದ ಡಿಸ್ನಿ ಉದ್ಯಾನಗಳೊಳಕ್ಕೇ ಕೋಲು ನಿಷಿದ್ಧವಾಯಿತು. ಮಾರನೆಯ ದಿನ ಪ್ಯಾರಿಸ್, ಹಾಂಗ್‌ಕಾಂಗ್‌ಗಳಲ್ಲೂ. ನಮ್ಮಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ 2017ರಲ್ಲಿ ತನ್ನ ವಸ್ತುಸಂಗ್ರಹಾಲಯಗಳಿಗೆ ಕೋಲನ್ನು ತರಕೂಡದೆಂದಿತು. 2023ರ ಜುಲೈನಲ್ಲಿ ಮುಜರಾಯಿ ಇಲಾಖೆ ತನ್ನ ದೇವಾಲಯಗಳ ಒಳಗೆ ಮೊಬೈಲ್ ಬಳಕೆಯನ್ನೇ ನಿಷೇಧಿಸಿತು. ಮಂಗಳಾರತಿಯ ಹೊತ್ತಿಗೆ ಕೈ ಮುಗಿಯಬೇಕಾದವರೆಲ್ಲ ಕೈ ಎತ್ತಿ ನಿಂತರೆ ಹಿಂದಿನ ಮುದುಕಿಗೆ ದೇವರು ಕಾಣುವುದೆಂತು?

ಕೋಲನ್ನು ಬಾಗಿಲಲ್ಲೇ ತಡೆದರೆ ಎಲ್ಲ ಸರಿಹೋಗುತ್ತದೆಂದು ನಾನು ನಂಬಿಲ್ಲ. ತನ್ನ ಬೆನ್ನು ತನಗೆ ಕಾಣದೆಂದು ನಮ್ಮಲ್ಲಿ ಗಾದೆ. ಸೆಲ್ಫಿ ತೆಗೆಯುವವನ ಅವಸ್ಥೆ ಅದೇ: ಅವನ ಬೆನ್ನ ಹಿಂದಿನದು ಕ್ಯಾಮರಾಕ್ಕೆ ಕಾಣುತ್ತದೆ, ಅವನಿಗೆ ಕಾಣುವುದು ಅವನ ಮುಖ ಮಾತ್ರ. 2017ರ ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಜಯನಗರದ ಕಾಲೇಜೊಂದರ ಹುಡುಗರು ಕನಕಪುರ ರಸ್ತೆಯ ರಾವುಗೋಡ್ಲು ಬಳಿ ಚಾರಣಕ್ಕೆ ಹೋಗಿ ಅಲ್ಲಿನ ಕಲ್ಯಾಣಿಗೆ ಇಳಿದರು. ನೀರಿನಲ್ಲಿ ನಿಂತು ನಗುತ್ತ ಸೆಲ್ಫಿ ತೆಗೆದುಕೊಂಡರು. ಹೊರಟ ಮೇಲೆ ಒಬ್ಬ ಹುಡುಗ ಇಲ್ಲವೆಂದು ತಿಳಿಯಿತು. ಫೋನು ತೆಗೆದು ನೋಡಿದರೆ ಅದೇ ಚಿತ್ರದ ಹಿನ್ನೆಲೆಯಲ್ಲಿ ಅವನು ಮುಳುಗುತ್ತಿದ್ದ. ಹದಿನೇಳು ವರ್ಷ. ಹತ್ತು ದಿನ ಕಳೆಯುವಷ್ಟರಲ್ಲಿ, ಅಕ್ಟೋಬರ್ ಮೊದಲ ವಾರ, ಬಿಡದಿಯ ಬಳಿ ರೈಲು ಹಳಿಯ ಮೇಲೆ ಮೂವರು ಎಳೆಯರು ರೈಲಿಗೆ ಸಿಕ್ಕಿ ಸತ್ತರು. ಹಳಿಯ ಮೇಲೆ ಸೆಲ್ಫಿ ತೆಗೆಯುತ್ತಿದ್ದರೆಂದು ಅಂದಿನ ಪತ್ರಿಕೆಗಳ ವರದಿ. ವಿನೋದಕ್ಕೆಂದು ಮನೆಯಿಂದ ಹೊರಟ ಮಕ್ಕಳು. ಆ ಮನೆಗಳವರು ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು. ಅವರ ಮಕ್ಕಳನ್ನು ಉದಾಹರಣೆ ಮಾಡುವುದು ನನ್ನ ಇಚ್ಛೆಯಲ್ಲ. ಆದರೆ ಎದುರಿಗೆ ಕ್ಯಾಮರಾ ಹಿಡಿದು ನಿಂತ ಇನ್ನೊಬ್ಬನಿದ್ದಿದ್ದರೆ ಅವನ ಕಣ್ಣಿಗೆ ಹಿಂದಿನ ನೀರು ಬೀಳುತ್ತಿತ್ತು, ಹಿಂದಿನಿಂದ ಬರುವ ರೈಲು ಬೀಳುತ್ತಿತ್ತು ಎಂಬುದನ್ನು ನಾನು ಮರೆಯಲಾರೆ. ಟ್ರೈಪನ ಕಾಲದಿಂದ ಆಗ್ಫಾ ಕ್ಲಿಕ್‌ನ ಕಾಲದವರೆಗೆ ಆ ಇನ್ನೊಬ್ಬ ಇದ್ದೇ ಇದ್ದ. ಪ್ಯಾರಿಸ್ಸಿನ ಒಬ್ಬ ಕಳ್ಳ ಹುಡುಗನ ದೆಸೆಯಿಂದ ಅವನನ್ನು ಕಳೆದುಕೊಂಡೆವು.

ಮೊನ್ನೆ ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಗೋಪುರದ ಬಳಿ ಕೂತಿದ್ದೆ. ಹುಬ್ಬಳ್ಳಿಯ ಕಡೆಯ ಒಂದು ಸಂಸಾರ. ಗಂಡ, ಹೆಂಡತಿ, ಅಜ್ಜಿ, ಇಬ್ಬರು ಮಕ್ಕಳು. ಕೈಚೀಲದಿಂದ ಕೋಲು ತೆಗೆದರು. ಯಾಕೋ ಅದು ಬಿಚ್ಚಿಕೊಳ್ಳಲಿಲ್ಲ. ಯಜಮಾನರು ಅತ್ತಿತ್ತ ನೋಡಿ ನನ್ನ ಹತ್ತಿರ ಬಂದು, “ಒಂದು ಫೋಟೋ ತೆಗೀತೀರೇನ್ರಿ?” ಎಂದರು. ಕನ್ನಡಕ ಸರಿ ಮಾಡಿಕೊಂಡು ಎದ್ದೆ. ಅಜ್ಜಿ ಇಳಿಜಾರಿಗೆ ತೀರ ಸಮೀಪ ನಿಂತಿದ್ದರು. ಎರಡು ಹೆಜ್ಜೆ ಮುಂದೆ ಬನ್ನಿ ಅಮ್ಮಾ ಎಂದೆ. ಬಂದರು. ಹಿಂದೆ ಹಾದುಹೋಗುತ್ತಿದ್ದ ಇಬ್ಬರು ನಾನು ಹೇಳದೆಯೇ ನಿಂತು ದಾರಿ ಬಿಟ್ಟರು. ಒತ್ತಿದೆ. ಚಿಕ್ಕ ಹುಡುಗಿ ಓಡಿಬಂದು ಫೋನು ಇಸಿದುಕೊಂಡು ನೋಡಿ, “ಅಜ್ಜಾ, ನಿಮ್ಮ ಬೆರಳು ಬಂದೈತಿ, ಇನ್ನೊಂದು ತೆಗೀರಿ” ಎಂದಳು.

ತೆಗೆದೆ.